ಮದುವೆಗೂ ಯಕ್ಷಗಾನಕ್ಕೂ ಒಂದೇ ಮಿರರ್‌ಲೆಸ್: ಸೋನಿ ಎ7 ಫೋರಾ, ನಿಕಾನ್ ಝಡ್6 ತ್ರೀನಾ?

ಕುಂದಾಪುರದವ: ನಮಸ್ಕಾರ ಎಲ್ಲರಿಗೂ. ಹಳೆಯ ಡಿಎಸ್ಎಲ್ಆರ್ ಕ್ಯಾಮೆರಾ ಕೊಟ್ಟು, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಹಗಲು ಮದುವೆ, ರಾತ್ರಿ ಯಕ್ಷಗಾನ. ಫೋಟೋ, ವಿಡಿಯೋ ಎರಡೂ ನಾನೇ ಮಾಡಬೇಕು, ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಮಾತ್ರ ಒಂದೇ. 2021ರಲ್ಲಿ ಬಂದ ಸೋನಿ ಎ7 ಫೋರ್, 2024ರ ನಿಕಾನ್ ಝಡ್6 ತ್ರೀ, ಈ ಎರಡರ ನಡುವೆ ನಿಂತಿದ್ದೇನೆ. ಸೋನಿಯಲ್ಲಿ 33 ಮೆಗಾಪಿಕ್ಸೆಲ್, ನಿಕಾನ್‌ನಲ್ಲಿ 24.5. ಯಾವುದು ಒಳ್ಳೆಯದು?

ಮದುವೆ ಕ್ಯಾಂಡಿಡ್: ಕಣ್ಣು ಮುಚ್ಚಿ ಸೋನಿ ತೆಗೆದುಕೊಳ್ಳಿ ಅಣ್ಣ. ಮದುವೆ ಕೆಲಸದಲ್ಲಿ ಲೆನ್ಸ್ ಮುಖ್ಯ. ಸೋನಿಗೆ ಸಿಗ್ಮಾ, ಟ್ಯಾಮ್ರಾನ್ ಇಬ್ಬರದ್ದೂ ಫುಲ್‌ಫ್ರೇಮ್ ಲೆನ್ಸ್ ಬೇಕಾದಷ್ಟಿವೆ, ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತವೆ. ಬ್ಯಾಟರಿ ನೋಡಿ: ಕಂಪನಿ ಲೆಕ್ಕದಲ್ಲೇ ಸ್ಕ್ರೀನ್ ನೋಡಿ ತೆಗೆದರೆ ಸೋನಿಗೆ 580 ಫೋಟೋ, ನಿಕಾನ್‌ಗೆ 390. ಇನ್ನೊಂದು ಮಾತು, ಎ7 ಫೋರ್‌ನಲ್ಲಿ ವಿಡಿಯೋವನ್ನೂ ಎರಡೂ ಕಾರ್ಡಿಗೆ ಒಟ್ಟಿಗೆ ಬರೆಯಬಹುದು. ಧಾರೆ ಎರೆಯುವುದು ಒಂದೇ ಸಲ. ಕಾರ್ಡ್ ಕೈಕೊಟ್ಟರೆ ಆ ಮನೆಯವರಿಗೆ ಏನು ಹೇಳುತ್ತೀರಿ?

ರಂಗಸ್ಥಳ: ಮದುವೆಯ ಮಟ್ಟಿಗೆ ಒಪ್ಪಿದೆ. ಆದರೆ ಯಕ್ಷಗಾನ ಅಂತಲೂ ಹೇಳಿದ್ದಾರಲ್ವಾ? ಅಲ್ಲಿ ನೋಡಬೇಕಾದ್ದು ಮೆಗಾಪಿಕ್ಸೆಲ್ ಅಲ್ಲ, ಸೆನ್ಸರ್ ಎಷ್ಟು ಬೇಗ ಓದುತ್ತದೆ ಅನ್ನೋದು. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್ಇಡಿ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಗೊತ್ತಾಗಲ್ಲ. ಸೈಲೆಂಟ್ ಶಟರ್‌ನಲ್ಲಿ (ಪರದೆ ಆಡದೆ ಸೆನ್ಸರೇ ಓದುವ ಎಲೆಕ್ಟ್ರಾನಿಕ್ ಶಟರ್) ಎ7 ಫೋರ್‌ಗೆ ಒಂದು ಫೋಟೋವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಲು ಸುಮಾರು 1/15 ಸೆಕೆಂಡ್ ಬೇಕು. ಅಷ್ಟರಲ್ಲಿ ಲೈಟು ಆರೇಳು ಸಲ ಮಿನುಗಿರುತ್ತದೆ. ಶಟರ್ 1/500 ಇಟ್ಟಿದ್ದರೆ ವೇಷದ ಮೇಲೆ ಅಷ್ಟೂ ಕಪ್ಪು ಪಟ್ಟಿ ಬೀಳುತ್ತವೆ, ಕಿರೀಟದ ಮೇಲೊಂದು, ಎದೆಪದಕದ ಮೇಲೊಂದು. ಝಡ್6 ತ್ರೀಯದ್ದು ಪಾರ್ಷಿಯಲಿ ಸ್ಟ್ಯಾಕ್ಡ್ ಸೆನ್ಸರ್, ಅಂದರೆ ಬೇಗ ಓದುವ ಸರ್ಕ್ಯೂಟನ್ನು ಭಾಗಶಃ ಪದರವಾಗಿ ಜೋಡಿಸಿದ್ದು. ಸುಮಾರು 1/70 ಸೆಕೆಂಡಿನಲ್ಲಿ ಓದಿ ಮುಗಿಸುತ್ತದೆ.

ಮದುವೆ ಕ್ಯಾಂಡಿಡ್: ಸರ್, ಚೆಂಡೆ ಹೊಡೆಯುತ್ತಿರುವಾಗ ಸೈಲೆಂಟ್ ಶಟರ್ ಯಾರಿಗೆ ಬೇಕು? ಮೆಕ್ಯಾನಿಕಲ್ ಶಟರ್ ಹಾಕಿ, ಮಿನುಗು ತಪ್ಪಿಸಿ ಕ್ಲಿಕ್ ಮಾಡುವ ಆಂಟಿ ಫ್ಲಿಕರ್ ಆನ್ ಮಾಡಿ. ಮುಗೀತು.

ರಂಗಸ್ಥಳ: ಫೋಟೋಗೆ ನಿಮ್ಮ ಮಾತು ಸರಿ. ವಿಡಿಯೋಗೆ ಮೆಕ್ಯಾನಿಕಲ್ ಶಟರ್ ಎಲ್ಲಿದೆ? ಪುಂಡುವೇಷದವರು ಧೀಂಗಿಣ ಹಾರುವಾಗ ಸೆನ್ಸರ್ ನಿಧಾನವಾಗಿ ಓದಿದರೆ ದೇಹ ಓರೆಯಾಗಿ ಕಾಣುತ್ತದೆ. ಸ್ಲೋ ಮೋಷನ್ ಮಾಡೋಣ ಅಂತ 4ಕೆ 60 (ಸೆಕೆಂಡಿಗೆ 60 ಫ್ರೇಮ್) ಹಾಕಿದರೆ ಎ7 ಫೋರ್ 1.5 ಪಟ್ಟು ಕ್ರಾಪ್ ಮಾಡುತ್ತದೆ, ಅಂಚು ಕತ್ತರಿಸಿಹೋಗುತ್ತದೆ. 24 ಎಂಎಂ ಲೆನ್ಸ್ 36 ಆಯಿತು. ಭಾಗವತರು, ಮದ್ದಳೆ, ವೇಷ ಎಲ್ಲವನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯಬೇಕಾದವನಿಗೆ ಇದು ದೊಡ್ಡ ನಷ್ಟ. ಝಡ್6 ತ್ರೀಯಲ್ಲಿ 4ಕೆ 60ಕ್ಕೆ ಕ್ರಾಪ್ ಇಲ್ಲ.

ಎಡಿಟಿಂಗ್ ಟೇಬಲ್: ಇಷ್ಟೆಲ್ಲ ಇದ್ದರೂ 25 ಫ್ರೇಮ್, 1/50 ಶಟರ್‌ನಲ್ಲಿ ತೆಗೆದರೆ ಓರೆ ಅಷ್ಟೊಂದು ಕಾಣಲ್ಲ, ಚಲನೆಯ ಮಸುಕಿನಲ್ಲೇ ಮುಚ್ಚಿಹೋಗುತ್ತದೆ. ಆ ಶಟರ್‌ನಲ್ಲಿ 100 ಸಲದ ಮಿನುಗೂ ತೊಂದರೆ ಕೊಡಲ್ಲ. ನನ್ನ ಟೇಬಲ್‌ಗೆ ಬರುವ ಫೈಲುಗಳಲ್ಲಿ ನಿಜವಾದ ತಲೆನೋವು ಬೇರೆ. ಸೋನಿಯ 4:2:2 10-ಬಿಟ್ ಎಚ್.265 ಫೈಲ್ (ಬಣ್ಣದ ವಿವರ ಹೆಚ್ಚಿಟ್ಟು ಬಿಗಿಯಾಗಿ ಕುಗ್ಗಿಸಿದ ವಿಡಿಯೋ) ಹಳೆಯ ಕಂಪ್ಯೂಟರ್‌ನಲ್ಲಿ ತಡವರಿಸುತ್ತದೆ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಆರ್‌ಟಿಎಕ್ಸ್ 50 ಸರಣಿ ಬರುವವರೆಗೆ ಇದನ್ನು ಬಿಡಿಸುವ ಹಾರ್ಡ್‌ವೇರ್ ಸಹಾಯವೇ ಇರಲಿಲ್ಲ. ನಿಕಾನ್‌ನಲ್ಲಿ ಎನ್-ರಾ (ಭಾರಿ ಗಾತ್ರದ ರಾ ವಿಡಿಯೋ) ಹಾಕಿ ಇಡೀ ರಾತ್ರಿಯ ಯಕ್ಷಗಾನದ ಆಟ ಹಿಡಿದರೆ ಹಾರ್ಡ್‌ಡಿಸ್ಕ್ ಕೊಂಡು ಪೂರೈಸಲ್ಲ. ಬಾಡಿ ಆರಿಸುವ ಮೊದಲು ನಿಮ್ಮ ಕಂಪ್ಯೂಟರ್ ಯಾವುದು ಅಂತ ಹೇಳಿ.

ಮದುವೆ ಕ್ಯಾಂಡಿಡ್: ನಿಕಾನ್ ಪರ ಮಾತಾಡುವವರು ಒಂದನ್ನು ಹೇಳುತ್ತಿಲ್ಲ. ಆ ವೇಗದ ಸೆನ್ಸರ್‌ಗೆ ಬೆಲೆ ತೆತ್ತಿದ್ದಾರೆ. ಕಡಿಮೆ ಐಎಸ್ಒದಲ್ಲಿ, ಅಂದರೆ ಬೆಳಕು ಚೆನ್ನಾಗಿದ್ದಾಗ ಇಡುವ ಸೆಟ್ಟಿಂಗ್‌ನಲ್ಲಿ ತೆಗೆದು, ಎಡಿಟಿಂಗ್‌ನಲ್ಲಿ ನೆರಳನ್ನು ಎತ್ತಿದರೆ ಹಳೆಯ ಝಡ್6 ಟೂಗಿಂತ ಜಾಸ್ತಿ ನಾಯ್ಸ್ (ಕಾಳುಕಾಳಾದ ಕಲೆ) ಬರುತ್ತದೆ. ಬೆಳಗಿನ ಮುಹೂರ್ತ, ಮಂಟಪದ ಹಿಂದೆ ಕಿಟಕಿ, ಗಂಡು ಬಿಳಿ ಪಂಚೆಯಲ್ಲಿ, ಹೆಣ್ಣು ಗಾಢ ಕೆಂಪು ಸೀರೆಯಲ್ಲಿ. ಪಂಚೆ ಉಳಿಸಲು ಎಕ್ಸ್‌ಪೋಷರ್ ಇಳಿಸಿದ್ದೀರಿ, ಆಮೇಲೆ ಸೀರೆಯ ನೆರಳನ್ನು ಎತ್ತಲೇಬೇಕು.

ರಂಗಸ್ಥಳ: ಅದು ನಿಜ, ಅಲ್ಲಗಳೆಯಲ್ಲ. ಆದರೆ ಐಎಸ್ಒ 800ರಿಂದ ಮೇಲೆ ಆ ವ್ಯತ್ಯಾಸ ಹೆಚ್ಚು ಉಳಿಯಲ್ಲ. ರಾತ್ರಿ ಆಟಕ್ಕೆ ನಾವು ಇಡುವುದೇ 3200. ಕಿಟಕಿ ಬೆಳಕಿಗೆ ಒಂದು ಫ್ಲ್ಯಾಶ್ ಹಾಕಿಕೊಳ್ಳಬಹುದು. ರಂಗಸ್ಥಳದ ಲೈಟನ್ನು ಬದಲಾಯಿಸೋಕೆ ನಿಮ್ಮಿಂದ ಆಗುತ್ತಾ?

ತೀರ್ಥಹಳ್ಳಿ: ಮಾರಾಯ್ರೇ, ಇಬ್ಬರೂ ಬಾಡಿಯನ್ನೇ ಹಿಡಿದುಕೊಂಡಿದ್ದೀರಿ. ಆಟದ ವಿಡಿಯೋ ಜನ ಅರ್ಧದಲ್ಲಿ ಬಿಡುವುದು ಆಡಿಯೋ ಹಾಳಾಗಿದ್ದರೆ. ಭಾಗವತರ ಆಲಾಪಕ್ಕೆ ಲೆವೆಲ್ ಇಟ್ಟರೆ ಚೆಂಡೆ ಬಂದ ಕೂಡಲೇ ಒಡೆಯುತ್ತದೆ, ಚೆಂಡೆಗೆ ಇಟ್ಟರೆ ಅರ್ಥಗಾರಿಕೆ ಕೇಳಲ್ಲ. 32-ಬಿಟ್ ಫ್ಲೋಟ್ ರೆಕಾರ್ಡರ್ ಒಂದು ಬೇರೆ ಇಡಿ, ಲೆವೆಲ್ ಆಮೇಲೆ ಸರಿ ಮಾಡಿಕೊಳ್ಳಬಹುದು. ಆ ದುಡ್ಡು ಉಳಿಯುವ ಬಾಡಿ ಯಾವುದೋ ಅದನ್ನೇ ತೆಗೆದುಕೊಳ್ಳಿ.

ಕುಂದಾಪುರದವ: ಎಲ್ಲರಿಗೂ ಧನ್ಯವಾದ. ನನ್ನ ಕಂಪ್ಯೂಟರ್ ಇಂಟೆಲ್ 12ನೇ ಜನರೇಷನ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆದಾಯದ ಬಹುಪಾಲು ಮದುವೆಯದ್ದು, ಮನಸ್ಸು ಇರುವುದು ಆಟದಲ್ಲಿ. ನಿಕಾನ್‌ಗೆ ಲೆನ್ಸ್ ಏನು ಮಾಡಲಿ?

ಎಡಿಟಿಂಗ್ ಟೇಬಲ್: ಹಾಗಾದರೆ ಭಯ ಬೇಡ. ಇಂಟೆಲ್‌ನ ಒಳಗಿನ ಗ್ರಾಫಿಕ್ಸೇ 4:2:2 ಎಚ್.265 ಬಿಡಿಸುತ್ತದೆ. ನಿಮ್ಮ ಮಟ್ಟಿಗೆ ಕಂಪ್ಯೂಟರ್ ಕಾರಣಕ್ಕೆ ಸೋನಿ ಬಿಡಬೇಕಾಗಿಲ್ಲ.

ರಂಗಸ್ಥಳ: ಟ್ಯಾಮ್ರಾನ್ 35-150 ಎಫ್2-2.8 ಸೋನಿ, ನಿಕಾನ್ ಎರಡೂ ಮೌಂಟ್‌ಗೆ (ಲೆನ್ಸ್ ಕೂರಿಸುವ ಜಾಗ) ಇದೆ. ಒಂದು ಕಿಲೋಗಿಂತ ಜಾಸ್ತಿ ತೂಕ, ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಬೇಕು. ಆದರೆ ಧಾರೆಗೂ ಆಟಕ್ಕೂ ಅದೊಂದೇ ಸಾಕು. ನನ್ನ ಮತ ಝಡ್6 ತ್ರೀಗೇ.

ಮದುವೆ ಕ್ಯಾಂಡಿಡ್: ಅನ್ನ ಕೊಡುವುದು ಮದುವೆ ಅಂತ ಅವರೇ ಹೇಳಿದ ಮೇಲೂ ನಿಕಾನಾ? ನಾನು ಒಪ್ಪಲ್ಲ. ಅಣ್ಣ, ಎರಡನ್ನೂ ಬಾಡಿಗೆಗೆ ತನ್ನಿ. ಅದೇ ಲೆನ್ಸ್ ಹಾಕಿ ಒಂದು ಮುಹೂರ್ತ, ಒಂದು ಆಟ ತೆಗೆದು ಫೈಲು ಇಲ್ಲೇ ಹಾಕಿ. ಕಿಟಕಿ ಎದುರಿನ ಫೋಟೋವನ್ನು ಮಾತ್ರ ಎಡಿಟ್ ಮಾಡದೆ ಹಾಕಿ.