ಫೆಂಟನ್ ಹಾಕಿದ ಮೇಲೆ ಏರೇಷನ್ ಟ್ಯಾಂಕ್ ಸಾಯ್ತಿದೆ, ಅನುಭವ ಇದ್ದವರು ಹೇಳಿ

ಕೇಳಿದವರು, ದೊಡ್ಡಬಳ್ಳಾಪುರ:
ನಮ್ಮದು ಬಟ್ಟೆಗೆ ಬಣ್ಣ ಹಾಕುವ ಚಿಕ್ಕ ಡೈಯಿಂಗ್ ಯೂನಿಟ್. ಬರೀ ಏರೇಷನ್‌ನಲ್ಲಿ (ಗಾಳಿ ಊದಿ ಬ್ಯಾಕ್ಟೀರಿಯಾದಿಂದ ಕೊಳೆ ತಿನ್ನಿಸುವುದು) ನೀರಿನ ಬಣ್ಣ ಹೋಗುತ್ತಿರಲಿಲ್ಲ. ಅದಕ್ಕೇ ಏರೇಷನ್‌ಗೆ ಮುಂಚೆ ಫೆಂಟನ್ ಸೇರಿಸಿದೆವು: ಆಸಿಡ್, ಫೆರಸ್ ಸಲ್ಫೇಟ್, ಹೈಡ್ರೋಜನ್ ಪೆರಾಕ್ಸೈಡ್. ಈಗ ಬಣ್ಣ ಹೋಗುತ್ತದೆ, ಆದರೆ ಏರೇಷನ್ ಟ್ಯಾಂಕಿನ ಬ್ಯಾಕ್ಟೀರಿಯಾ ಸಾಯುತ್ತಿವೆ. ಎರಡು ಸಲ ಸಗಣಿ ಹಾಕಿ ಮತ್ತೆ ಶುರು ಮಾಡಿದ್ದಾಯಿತು. ಪೆರಾಕ್ಸೈಡ್ ಕಮ್ಮಿ ಮಾಡಿದರೆ ಸಿಒಡಿ (ನೀರಿನ ಒಟ್ಟು ಕೊಳೆಯ ಅಳತೆ) ಇಳಿಯಲ್ಲ ಅಂತ ಭಯ.

ಇಟಿಪಿ (ಕಾರ್ಖಾನೆ ಕೊಳೆನೀರು ಶುದ್ಧೀಕರಣ ಘಟಕ) ಆಪರೇಟರ್, ಪೀಣ್ಯ:
ಸರ್, ಫೆಂಟನ್ ಟ್ಯಾಂಕಿನಿಂದ ಪೆರಾಕ್ಸೈಡ್ ಉಳಿದುಕೊಂಡು ಬರುತ್ತಿದೆ, ನೋಡಿ, ಅದೇ ಬ್ಯಾಕ್ಟೀರಿಯಾ ಕೊಲ್ಲುತ್ತಿದೆ. ನಮಗೂ ಇದೇ ಆಗಿತ್ತು. ಸುಣ್ಣ ಹಾಕಿದ ಮೇಲೆ ಸ್ಲಡ್ಜ್ ತಳಕ್ಕೆ ಕೂರುತ್ತಲೇ ಇರಲಿಲ್ಲ. ಕೆಂಪು ಕೆಸರು ಗುಳ್ಳೆ ಹೊತ್ತುಕೊಂಡು ದೋಸೆ ಹಿಟ್ಟಿನ ಹಾಗೆ ಮೇಲೆ ಬರುತ್ತಿತ್ತು. ಕೆಸರು ಕೂರಿಸುವ ಪಾಲಿಮರ್ ಸರಿಯಿಲ್ಲ ಅಂತ ಸಪ್ಲೈಯರ್‌ಗೆ ಸುಮ್ನೆ ಬೈದೆ. ಆ ಗುಳ್ಳೆ ಪೆರಾಕ್ಸೈಡ್ ಒಡೆದು ಬಂದ ಆಮ್ಲಜನಕ!

ನಾವು ಈಗ ಮಾಡುವುದು ಇಷ್ಟು. ಪಿಎಚ್ 3ಕ್ಕೆ ಇಳಿಸಿ ಮೊದಲು ಫೆರಸ್, ಆಮೇಲೆ ಪೆರಾಕ್ಸೈಡ್ ನಿಧಾನಕ್ಕೆ. ಒಂದೇ ಸಲ ಸುರಿದರೆ ನೊರೆ ಉಕ್ಕುತ್ತದೆ, ಬಿಸಿಯೂ ಆಗುತ್ತದೆ. ಸುಣ್ಣದಿಂದ ಪಿಎಚ್ 8ರ ಮೇಲೆ ಒಯ್ದು, ಕಲಕಿ, ಸ್ವಲ್ಪ ಹೊತ್ತು ಬಿಡುತ್ತೇವೆ. ಪೆರಾಕ್ಸೈಡ್ ಸ್ಟ್ರಿಪ್ ಅದ್ದಿ ನೋಡಿ, ನೀಲಿ ಬಂದರೆ ಪೆರಾಕ್ಸೈಡ್ ಇನ್ನೂ ಇದೆ, ವಾಲ್ವ್ ತೆಗೆಯುವುದಿಲ್ಲ. ಏರೇಷನ್‌ಗೆ ಬಿಡುವಾಗ ಪಿಎಚ್ 7.5 ಹತ್ತಿರ ಇರಬೇಕು.

ಇನ್ನೊಂದು, ಸಿಒಡಿ ಪೂರ್ತಿ ಫೆಂಟನ್ನೇ ಇಳಿಸಲಿ ಅಂತ ಕೂರಬೇಡಿ. ಬಣ್ಣದ ದೊಡ್ಡ ಅಣು ತುಂಡಾದರೆ ಸಾಕು. ಉಳಿದದ್ದನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ, ಅವಕ್ಕೆ ಪೆರಾಕ್ಸೈಡ್ ಹಾಗೆ ಕ್ಯಾನ್ ಲೆಕ್ಕದಲ್ಲಿ ದುಡ್ಡು ಕೊಡಬೇಕಿಲ್ಲ ಅಲ್ವಾ. ಜಾರ್ ಟೆಸ್ಟ್‌ನಲ್ಲಿ (ಸಣ್ಣ ಪಾತ್ರೆಗಳಲ್ಲಿ ಮಾಡುವ ಪರೀಕ್ಷೆ) ಡೋಸ್ ಬದಲಿಸುತ್ತಾ ಬಿಒಡಿಯನ್ನು (ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ) ಸಿಒಡಿಯಿಂದ ಭಾಗಿಸಿ ನೋಡಿ. 0.2ರ ಕೆಳಗಿದ್ದರೆ ಬ್ಯಾಕ್ಟೀರಿಯಾಗೆ ಕಷ್ಟ, 0.4 ದಾಟಿದರೆ ಅಲ್ಲಿಗೆ ನಿಲ್ಲಿಸಿ.

ಲ್ಯಾಬ್‌ನಲ್ಲಿ ಕೆಲಸ ಮಾಡುವವಳು:
ಸಿಒಡಿ ಇಳಿಯಲ್ಲ ಅಂತ ಬರೆದಿದ್ದೀರಲ್ಲ, ಆ ರೀಡಿಂಗೇ ಸುಳ್ಳಿರಬಹುದು. ಉಳಿದ ಪೆರಾಕ್ಸೈಡ್, ಸಿಒಡಿ ಪರೀಕ್ಷೆಗೆ ಹಾಕುವ ಡೈಕ್ರೋಮೇಟ್ ಜೊತೆ ಕೂಡಿ ತಾನೇ ಸಿಒಡಿ ಆಗಿ ಕಾಣುತ್ತದೆ. ಲೀಟರಿಗೆ 100 ಮಿಲಿಗ್ರಾಂ ಉಳಿದಿದ್ದರೆ 47ರವರೆಗೂ ಜಾಸ್ತಿ ತೋರಿಸಬಹುದು. ಅದನ್ನು ನೋಡಿ ಇನ್ನಷ್ಟು ಪೆರಾಕ್ಸೈಡ್ ಸುರಿದರೆ ಕಥೆ ಮುಗಿಯಿತು.

ತಿರುಪ್ಪೂರಿನಲ್ಲಿರುವ ಕನ್ನಡಿಗ:
ನನ್ನದು ಬೇರೆ ಅಭಿಪ್ರಾಯ. ಬಟ್ಟೆಯಿಂದ ಗಂಜಿ ತೊಳೆದ ನೀರನ್ನೂ ಫೆಂಟನ್‌ಗೆ ಹಾಕುತ್ತಿದ್ದೀರಾ? ಗಂಜಿ ಬ್ಯಾಕ್ಟೀರಿಯಾಗೆ ಊಟ, ಅದನ್ನು ಪೆರಾಕ್ಸೈಡ್‌ನಿಂದ ಸುಡುವುದು ದಂಡ. ಆ ನೀರನ್ನು ಬೇರೆ ಪೈಪಿನಲ್ಲಿ ನೇರ ಏರೇಷನ್‌ಗೆ ಬಿಡಿ. ಬಣ್ಣದ ಬಾತ್ (ಬಟ್ಟೆಗೆ ಬಣ್ಣ ಹಾಕಿದ ನೀರು) ಮಾತ್ರ ಫೆಂಟನ್‌ಗೆ. ಅದರಲ್ಲಿ ಉಪ್ಪು ಜಾಸ್ತಿ, ಕ್ಲೋರೈಡ್ ಫೆಂಟನ್ ಕೆಲಸಕ್ಕೆ ಅಡ್ಡ ಬರುತ್ತದೆ ಅನ್ನುವುದೂ ನೆನಪಿರಲಿ. ಉಪ್ಪನ್ನು ಫೆಂಟನ್, ಏರೇಷನ್ ಎರಡೂ ತೆಗೆಯುವುದಿಲ್ಲ. ಇಲ್ಲಿ 2011ರಲ್ಲಿ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿದ ಮೇಲೆ, ಉಪ್ಪು ಬೇರ್ಪಡಿಸುವ ಆರ್‌ಒ, ಇವಾಪರೇಟರ್ ಇಲ್ಲದೆ ಯಾರೂ ಮಾತಾಡಲ್ಲ.

ಕೇಳಿದವರು:
ಸ್ಟ್ರಿಪ್ ತರಿಸಿ ಇವತ್ತು ಅದ್ದಿದೆ. ಅದ್ದಿದ ತಕ್ಷಣ ಕಡು ನೀಲಿ. ಹುಡುಗರು ಬೆಳಗ್ಗೆ ಹಾಕಿ, ಬಣ್ಣ ಹೋಗದಿದ್ದರೆ ಸಂಜೆ ಇನ್ನೊಂದು ಡೋಸ್ ಹಾಕುತ್ತಿದ್ದರಂತೆ, ನನಗೆ ಹೇಳದೆ. ಗಂಜಿ ನೀರಿಗೆ ಪೈಪ್ ಎಳೆಯುವವನು ಸೋಮವಾರ ಬರುತ್ತಾನೆ. ಅಲ್ಲಿಯವರೆಗೆ ವಾಲ್ವ್ ಬೀಗ ನನ್ನ ಹತ್ತಿರ.