ಅಕ್ಟೋಬರ್ ಮಧ್ಯದಲ್ಲಿ ಐದು ದಿನ: ಮಂಗಳೂರಿನಿಂದ ಕಾರವಾರದ ತನಕ ಆಗುತ್ತಾ?

ಪ್ರಶ್ನೆ: ಬೆಂಗಳೂರು_ಪಯಣ

ದಸರಾ ಗಲಾಟೆ ಮುಗಿದ ಮೇಲೆ ಐದು ದಿನ ಕರಾವಳಿ ನೋಡುವ ಆಲೋಚನೆ. ಸಣ್ಣ ಪೆಟ್ರೋಲ್ ಕಾರು, ನಾಲ್ಕು ಜನ. ಅಮ್ಮನಿಗೆ ಮಂಡಿನೋವು, ಮಗನಿಗೆ ಏಳು ವರ್ಷ. ಶಿರಾಡಿ ಇಳಿದು ಮಂಗಳೂರು, ಉಡುಪಿ, ಮುರುಡೇಶ್ವರ, ಗೋಕರ್ಣ, ಕಾರವಾರ ಅಂತ ಬರೆದುಕೊಂಡಿದ್ದೇವೆ. ಇದೇ ದಿಕ್ಕು ಸರಿಯಾ, ಕಾರವಾರದಿಂದ ಕೆಳಗೆ ಬರುವುದು ಒಳ್ಳೆಯದಾ? ಮಳೆ ಬಿಟ್ಟಿರುತ್ತದಾ? ಅಮ್ಮನಿಗೆ ಕಷ್ಟವಾಗದ ಬೀಚ್ ಯಾವುದು?

ಉತ್ತರ: ಹೆದ್ದಾರಿ_66

ದಿಕ್ಕು ಸರಿಯಾಗಿಯೇ ಇದೆ, ಬದಲಿಸಬೇಡಿ. ನಾವು ಓಡಿಸುವುದು ಎಡಗಡೆ. ಉತ್ತರಕ್ಕೆ ಹೋಗುವಾಗ ಕಡಲೂ ಎಡಕ್ಕೇ ಇರುತ್ತದೆ. ಮರವಂತೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ: ಕುಂದಾಪುರ ಕಡೆಯಿಂದ ಬಂದರೆ ನಿಮ್ಮ ರಸ್ತೆ ಸಮುದ್ರದ ಪಕ್ಕದ್ದು, ಅತ್ತ ಕಡೆಯ ರಸ್ತೆ ಸೌಪರ್ಣಿಕಾ ಹೊಳೆಯ ಪಕ್ಕದ್ದು. ನಡುವೆ ಡಿವೈಡರ್. ಕಾರವಾರದಿಂದ ಬಂದವರು ಕಡಲು ಕಂಡಕೂಡಲೇ ನಿಲ್ಲಿಸಲಾಗದೆ ಯು-ಟರ್ನ್ ಹುಡುಕಬೇಕು, ಇಲ್ಲವೇ ಮಗುವಿನ ಕೈ ಹಿಡಿದು ಹೆದ್ದಾರಿ ದಾಟಬೇಕು. ಎರಡೂ ಬೇಡ. ಅಲ್ಲಿ ತಡೆಗೋಡೆಯ ಕಲ್ಲುಗಳ ಮೇಲೆ ಹತ್ತಲು ಮಗನನ್ನು ಬಿಡಬೇಡಿ. ಮಳೆಗಾಲದ ಪಾಚಿ ಅಕ್ಟೋಬರ್‌ನಲ್ಲೂ ಒಣಗಿರುವುದಿಲ್ಲ.

ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಅದು ಚಿತ್ತೆ ಮಳೆಯ ಕಾಲ. ಬೆಳಿಗ್ಗೆ ಚೊಕ್ಕ ಬಿಸಿಲು, ಮಧ್ಯಾಹ್ನ 3ರ ಮೇಲೆ ಘಟ್ಟದ ಕಡೆ ಕಪ್ಪಾಗಿ ಗುಡುಗು ಸಿಡಿಲು. ಹಾಗಾಗಿ ಕಾರು ಓಡಿಸುವುದನ್ನೆಲ್ಲ 2 ಗಂಟೆಯೊಳಗೆ ಮುಗಿಸಿ. ಸೂರ್ಯ ಮುಳುಗುವುದು 6.10ರ ಆಸುಪಾಸು, ಗುಡುಗು ಕೇಳಿಸಿದರೆ ಸೂರ್ಯಾಸ್ತದ ಆಸೆ ಬಿಟ್ಟು ಮರಳಿನಿಂದ ಎದ್ದು ಕಾರಿನೊಳಗೆ ಕೂತುಬಿಡಿ.

ಮಂಗಳೂರಿನಲ್ಲಿ ನಂತೂರಿನಿಂದ ಕೂಳೂರು ಸೇತುವೆ ತನಕ ಸಂಜೆ ಹೊತ್ತು ವಾಹನ ತೆವಳುತ್ತವೆ. ಬೆಂಗಳೂರು 5ಕ್ಕೇ ಬಿಟ್ಟರೆ ಆ ಜಾಗ ಮಧ್ಯಾಹ್ನವೇ ದಾಟುತ್ತೀರಿ.

ಉತ್ತರ: ಕುಂದಾಪ್ರದವ

ಮಾರಾಯ್ರೆ, ಐದು ದಿನಕ್ಕೆ ಕಾರವಾರ ಬೇಡ, ಗೋಕರ್ಣವೂ ಬೇಡ. ಹೊನ್ನಾವರವೇ ತುದಿ ಅಂದುಕೊಳ್ಳಿ. ಗೋಕರ್ಣದ ಓಂ ಬೀಚಿಗೆ ಗಾಡಿ ನಿಲ್ಲಿಸಿ ಮೆಟ್ಟಿಲು ಇಳಿಯಬೇಕು, ಇಳಿದಷ್ಟೂ ಹತ್ತಬೇಕು. ಮಂಡಿನೋವಿನವರಿಗೆ ಅದು ಶಿಕ್ಷೆ.

ಮೊದಲ ರಾತ್ರಿ, ಎರಡನೇ ರಾತ್ರಿ ಉಡುಪಿ. ಎರಡನೇ ದಿನ ಮಲ್ಪೆಯಿಂದ ಕೆಮ್ಮಣ್ಣು ದಾಟಿ ಕೋಡಿ ಬೆಂಗ್ರೆ ತನಕ ನಿಧಾನ ಹೋಗಿ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ತೆಂಗಿನ ತೋಟದ ಸಪೂರ ರಸ್ತೆ. ಕೊನೆಯಲ್ಲಿ ಹೊಳೆ ಕಡಲು ಸೇರುವುದನ್ನು ಅಮ್ಮ ಕೂತಲ್ಲಿಂದಲೇ ನೋಡಬಹುದು. ಎದುರಿಂದ ಬಸ್ ಬಂದರೆ ಅಂಚಿನ ಮರಳಿಗೆ ಚಕ್ರ ಇಳಿಸಬೇಡಿ, ಯಾವುದಾದರೂ ಮನೆಯ ಗೇಟಿನ ಬಳಿ ಗಟ್ಟಿ ನೆಲ ನೋಡಿ ನಿಲ್ಲಿ. ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು ಅಪರೂಪದವೇ, ಆದರೆ ದೊಡ್ಡ ದೋಣಿಯಿಂದ ಸಣ್ಣದಕ್ಕೆ ಇಳಿಯಬೇಕಾಗಿ ಬರುತ್ತದೆ. ಕಡಲು ಎದ್ದ ದಿನ ದೋಣಿಯೇ ಬಿಡುವುದಿಲ್ಲ. ಅದನ್ನೇ ನೆಚ್ಚಿಕೊಂಡು ದಿನ ಕಟ್ಟಬೇಡಿ.

ಮೂರನೇ ದಿನ ಮರವಂತೆ ನೋಡಿ ಮುರುಡೇಶ್ವರದಲ್ಲಿ ರಾತ್ರಿ. ಅಲ್ಲಿ ಗೋಪುರಕ್ಕೆ ಲಿಫ್ಟ್ ಇದೆ. ನಾಲ್ಕನೇ ಬೆಳಿಗ್ಗೆ ಹೊನ್ನಾವರದ ಕಾಸರಕೋಡು: ಹೆದ್ದಾರಿಯ ಪಕ್ಕದಲ್ಲೇ ಸಮತಟ್ಟು ಬೀಚ್, 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ್ದು. ನಿಮ್ಮ ಅಮ್ಮನಿಗೆ ನಾನು ಹೇಳುವ ಬೀಚ್ ಇದೇ. ಹತ್ತಿರದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಕಾಲುದಾರಿಯೂ ಇದೆ.

ನೀರಿಗಿಳಿಯುವ ವಿಷಯ: ಮಳೆಗಾಲ ದಡದ ಮರಳನ್ನು ಎಳೆದುಕೊಂಡು ಹೋಗಿರುತ್ತದೆ, ಅದು ಇನ್ನೂ ವಾಪಸ್ ಬಂದು ಕೂತಿರುವುದಿಲ್ಲ. ನಾಲ್ಕು ಹೆಜ್ಜೆಗೇ ಆಳ ಸಿಗಬಹುದು. ಮಗನಿಗೆ ಪಾದ ಮುಳುಗುವಷ್ಟು ಸಾಕು, ಅದೂ ಜೀವರಕ್ಷಕರು ಇರುವಲ್ಲಿ.

ಮೀನು ತಿನ್ನುವವರಾದರೆ ಒಳ್ಳೆ ಕಾಲ. ಆಗಸ್ಟ್‌ನಿಂದ ದೋಣಿಗಳು ಇಳಿದಿರುತ್ತವೆ, ಬಂಗುಡೆ ತಾಜಾ ಸಿಗುತ್ತದೆ. ಅಂಜಲ್‌ಗೆ, ಕಾಣೆಗೆ ಗಾತ್ರ ನೋಡಿ ರೇಟು. ಕಾಯಿಸುವ ಮೊದಲೇ ಕೇಳಿಕೊಳ್ಳಿ.

ಬೆಂಗಳೂರು_ಪಯಣ

ಹೊನ್ನಾವರದಿಂದ ವಾಪಸ್ ಯಾವ ದಾರಿ? ಶಿರಾಡಿಗೇ ಬರಬೇಕಾ? ಅಂಕೋಲಾ ಬಳಿ ಗುಡ್ಡ ಕುಸಿದಿದ್ದು ನಮ್ಮ ದಾರಿಯಲ್ಲೇನಾ?

ಉತ್ತರ: ಘಟ್ಟದ_ಮೇಲಿನವರು

ಅಲ್ಲ. 2024ರ ಜುಲೈನಲ್ಲಿ ಕುಸಿದದ್ದು ಅಂಕೋಲಾ ತಾಲ್ಲೂಕಿನ ಶಿರೂರು. ನಿಮಗೆ ಟೋಲ್ ಸಿಗುವ ಶಿರೂರು ಬೈಂದೂರು ದಾಟಿದ ಮೇಲಿನದು. ಹೆಸರು ಒಂದೇ ಆದ್ದರಿಂದ ಬಹಳ ಜನ ಗಾಬರಿಯಾಗುತ್ತಾರೆ. ಮಂಗಳೂರಿನಿಂದ ಹೋಗುವಾಗ ಹೆಜಮಾಡಿ, ಸಾಸ್ತಾನ, ಶಿರೂರು, ಹೀಗೆ ಮೂರು ಟೋಲ್. ಫಾಸ್ಟ್ಯಾಗ್‌ನಲ್ಲಿ ಹಣ ನೋಡಿಕೊಳ್ಳಿ.

ವಾಪಸ್ ಗೇರುಸೊಪ್ಪೆ ಮೇಲೆ ಬನ್ನಿ. ಹೊನ್ನಾವರದಿಂದ ಜೋಗಕ್ಕೆ ಸುಮಾರು 60 ಕಿ.ಮೀ., ಅಲ್ಲಿಂದ ಸಾಗರ 30. ಕಾಸರಕೋಡು 10.30ಕ್ಕೆ ಬಿಟ್ಟರೆ ಜೋಗದಲ್ಲಿ ಊಟ, ಸಾಗರದಲ್ಲಿ ರಾತ್ರಿ, ಐದನೇ ದಿನ ಶಿವಮೊಗ್ಗ ಮೇಲೆ ಬೆಂಗಳೂರು. ಜೋಗದಲ್ಲಿ ನೀರಿರುತ್ತದೆ, ಜುಲೈ ತಿಂಗಳ ಅಬ್ಬರ ಇರುವುದಿಲ್ಲ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ, ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಶಿರಾಡಿ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಎರಡು ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯಲಿ, ಬ್ರೇಕ್ ಒತ್ತಿ ಬಿಡಿ, ಒತ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಅಗಲ ಜಾಗದಲ್ಲಿ 20 ನಿಮಿಷ ನಿಲ್ಲಿಸಿ, ಚಕ್ರಕ್ಕೆ ನೀರು ಸುರಿಯಬೇಡಿ. ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ವೈಪರ್ ರಬ್ಬರ್ ಈಗಲೇ ಬದಲಿಸಿ, ಬೇಸಿಗೆಯಲ್ಲಿ ಒಣಗಿದ್ದು ಘಟ್ಟದ ಮಳೆಗೆ ಗಾಜನ್ನು ಬರೀ ಸವರುತ್ತದೆ.

ಮರಳಲ್ಲಿ ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಕ್ಕೆ ಹೋಗುತ್ತದೆ. ಎಲ್ಲರನ್ನೂ ಇಳಿಸಿ, ಮುಂದಿನ ಚಕ್ರಗಳ ಗಾಳಿ 20 ಪಿಎಸ್‌ಐಗೆ ಇಳಿಸಿ, ಕಾಲುಹಾಸು ಅಡಿಗಿಟ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಮೆಲ್ಲಗೆ ತೆಗೆಯಿರಿ. ಕಾಲುಹಾಸು ಸಿಡಿಯಬಹುದು, ಚಕ್ರದ ಎದುರು ಯಾರೂ ನಿಲ್ಲಬಾರದು. ಆಮೇಲೆ ಹತ್ತಿರದ ಬಂಕಿನಲ್ಲಿ ಗಾಳಿ ತುಂಬಿಸಿ. ಅಲ್ಲಿಯ ತನಕ ಗಂಟೆಗೆ 30ರ ಮೇಲೆ ಬೇಡ. ಊರಿಗೆ ಬಂದ ಮರುದಿನವೇ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ, ಉಪ್ಪು ಒಂದು ವಾರ ಕೂತರೂ ಬೋಲ್ಟುಗಳಿಗೆ ತುಕ್ಕು ಹಿಡಿಯಲು ಶುರು.