ಮತಗಟ್ಟೆಗೆ ಯಾವ ಕಾರ್ಡ್ ಒಯ್ಯಬೇಕು? ಭಾನುವಾರ ಸೇರೋಣ

ಮನೆ ನಂ. 27: ಎಲ್ಲರಿಗೂ ನಮಸ್ಕಾರ. 2024ರ ಏಪ್ರಿಲ್ 26ರಂದು ಮತಗಟ್ಟೆಯಲ್ಲಿ ಕಂಡದ್ದು ನನಗೆ ಇನ್ನೂ ಮರೆತಿಲ್ಲ. ನಮ್ಮ ಮನೆ ಕೆಲಸಕ್ಕೆ ಬರುವ ಅಮ್ಮ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು. ಪಟ್ಟಿಯಲ್ಲಿ ಹೆಸರಿತ್ತು, ಕೈಯಲ್ಲಿ ವೋಟರ್ ಸ್ಲಿಪ್ಪೂ ಇತ್ತು. ಪ್ಲಾಸ್ಟಿಕ್ ಕವರಿನಿಂದ ರೇಷನ್ ಕಾರ್ಡ್ ಬಿಚ್ಚಿ ತೋರಿಸಿದರು. ‘ಇದು ನಡೆಯಲ್ಲಮ್ಮ’ ಅಂದರು ಮತಗಟ್ಟೆ ಸಿಬ್ಬಂದಿ. ವೋಟರ್ ಕಾರ್ಡ್ ಕಳೆದುಹೋಗಿತ್ತು, ಆಧಾರ್ ಊರಲ್ಲಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡು ವಾಪಸ್ ಹೋದರು. ಇನ್ನೊಮ್ಮೆ ನಮ್ಮ ಬಡಾವಣೆಯಲ್ಲಿ ಹೀಗಾಗಬಾರದು.

ಮನೆ ನಂ. 9: ಬೇಜಾರಾಯಿತು ಮೇಡಂ. ಆದರೆ ಗುರುತು ಕೇಳಲೇಬೇಕಲ್ವಾ? ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲದಲ್ಲಿ, 1993ರಲ್ಲಿ, ಫೋಟೋ ಕಾರ್ಡ್ ಬಂದದ್ದೇ ಕಳ್ಳವೋಟು ತಡೆಯಲು. ನಮ್ಮ ತಂದೆ ಒಮ್ಮೆ ಹೋಗುವಷ್ಟರಲ್ಲಿ ಅವರ ವೋಟು ಯಾರೋ ಹಾಕಿ ಹೋಗಿದ್ದರು. ವೋಟರ್ ಕಾರ್ಡ್ ಇಲ್ಲದವರನ್ನು ಒಳಗೆ ಬಿಡಲೇಬಾರದು ಅಂತ ನನ್ನ ಅಭಿಪ್ರಾಯ.

ಮನೆ ನಂ. 27: ಗುರುತು ಕೇಳಲಿ ಸರ್, ಬೇಡ ಅನ್ನುತ್ತಿಲ್ಲ. ಆದರೆ ವೋಟರ್ ಕಾರ್ಡ್ ಇಲ್ಲದಿದ್ದರೆ ಬೇರೆ 12 ದಾಖಲೆ ನಡೆಯುತ್ತವೆ ಅಂತ ಚುನಾವಣಾ ಆಯೋಗವೇ ಆಗ ಹೇಳಿತ್ತು. ಆಧಾರ್, ಪ್ಯಾನ್, ಡಿಎಲ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ ಕೂಡ. ಆ ಅಮ್ಮನ ಪಾಸ್‌ಬುಕ್ ಎರಡು ಬೀದಿ ಆಚೆ ಅವರ ಮನೆಯಲ್ಲೇ ಇತ್ತು! ಅದನ್ನು ತನ್ನಿ ಅಂತ ಯಾರೂ ಹೇಳಲಿಲ್ಲ. ಪಕ್ಕದಲ್ಲಿದ್ದ ನನಗೂ ಗೊತ್ತಿರಲಿಲ್ಲ. ಅದೇ ನನ್ನ ಸಂಕಟ.

ಮನೆ ನಂ. 41: ಎಷ್ಟೋ ಚುನಾವಣೆ ಡ್ಯೂಟಿ ಮಾಡಿದವನಾಗಿ ಹೇಳುತ್ತೇನೆ. 9ನೇ ನಂಬರಿನವರೇ, ನಿಮ್ಮ ತಂದೆಯವರು ಟೆಂಡರ್ ವೋಟು ಕೇಳಬಹುದಿತ್ತು. ನಮ್ಮ ಹೆಸರಲ್ಲಿ ಬೇರೆಯವರು ಹಾಕಿದ್ದರೆ ಪೇಪರ್ ಬ್ಯಾಲೆಟ್ ಕೊಡಲೇಬೇಕು. ಇನ್ನೊಂದು ಮಾತು. ಕಾರ್ಡ್ ಎಷ್ಟೇ ಹೊಸದಿರಲಿ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟಿಲ್ಲ. 2025ರಲ್ಲಿ ಬಿಹಾರದಲ್ಲಿ ಮತದಾರರ ಪಟ್ಟಿ ಪರಿಷ್ಕರಿಸಿದಾಗ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಪಟ್ಟಿಗೆ ಹೆಸರು ಸೇರಿಸಲು ಅಲ್ಲಿ ಮೊದಲು ಕೇಳಿದ 11 ದಾಖಲೆಗಳಲ್ಲಿ ಆಧಾರ್ ಇರಲಿಲ್ಲ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದು 12ನೆಯದಾಗಿ ಸೇರಿತು. ಅದಕ್ಕೇ ಪಟ್ಟಿಯನ್ನು ಈಗಲೇ ನೋಡಿಕೊಳ್ಳಿ.

ಮನೆ ನಂ. 33, ಮಹಡಿ: ನಾವು ಬಾಡಿಗೆಯವರು ಅಂಕಲ್. ಹೆಸರು ಇನ್ನೂ ಹಾಸನದಲ್ಲಿದೆ. ಹೊಸದಾಗಿ ಅರ್ಜಿ ಹಾಕಬೇಕಾ?

ಮನೆ ನಂ. 41: ಬೇಡಮ್ಮ. ಮನೆ ಬದಲಾಗಿದ್ದರೆ ಫಾರಂ 8 ಸಾಕು. ಫಾರಂ 6 ಹೊಸಬರಿಗೆ. ಎರಡು ಕಡೆ ಹೆಸರಿಟ್ಟುಕೊಳ್ಳುವುದು ತಪ್ಪು.

ಮನೆ ನಂ. 9: ಟೆಂಡರ್ ವೋಟಿನ ವಿಷಯ ಗೊತ್ತೇ ಇರಲಿಲ್ಲ ಮೇಷ್ಟ್ರೇ. ಪಾಸ್‌ಬುಕ್ ಮಾತೂ ಸರಿ, ಒಪ್ಪಿದೆ. ಭಾನುವಾರ 10ಕ್ಕೆ ಪಾರ್ಕಿನಲ್ಲಿ ಸೇರೋಣವೇ? ನಾನು ಲ್ಯಾಪ್‌ಟಾಪ್ ತರುತ್ತೇನೆ. ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರೂ ಹುಡುಕೋಣ.

ಮನೆ ನಂ. 27: 10ಕ್ಕೆ ಬೇಡ ಸರ್, ಮನೆಗೆಲಸದವರು, ಸೆಕ್ಯೂರಿಟಿ ಅಣ್ಣಂದಿರು ಆಗ ಕೆಲಸದಲ್ಲಿರುತ್ತಾರೆ. ಸಂಜೆ 5ಕ್ಕೆ ಇಟ್ಟುಕೊಳ್ಳೋಣ. ಆ ಅಮ್ಮನನ್ನು ನಾನೇ ಕರೆತರುತ್ತೇನೆ, ಪಾಸ್‌ಬುಕ್ ಸಮೇತ.